ಬಾಗಿಲಿನ ರಬ್ಬರು ಮತ್ತು ಕುಸುಬಿ ಎಣ್ಣೆ

ನಾನು ಆಳಂದದಲ್ಲಿ ಹಲ್ಲಿನ ಡಾಕ್ಟರ. ಇಪ್ಪತ್ತೆರಡು ವರ್ಷಗಳಿಂದ ಮಂದಿಯ ಬಾಯಿಗೆ ಕೈ ಹಾಕಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದೇನೆ. ನನ್ನ ಕೆಲಸದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ರೋಗಿ ಮರುದಿನ ದವಡೆ ಹಿಡಿದುಕೊಂಡು ಬಂದು ನಿಂತಿರುತ್ತಾನೆ. ಇಷ್ಟು ನಾಜೂಕಿನ ಕೈಗೆ ಕಾರಿನ ಬಾಗಿಲಿಗೊಂದು ರಬ್ಬರ್ ಪಟ್ಟಿ ಕೂಡಿಸುವುದು ಯಾವ ದೊಡ್ಡ ಮಾತು ಅಂದುಕೊಂಡೆ. ಹಾಗೆ ಅಂದುಕೊಂಡದ್ದು ತಪ್ಪಲ್ಲ, ಆರು ತಿಂಗಳು ಹಾಗೇ ಅಂದುಕೊಳ್ಳುತ್ತ ಹೋದದ್ದು ತಪ್ಪು.

ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಎರಡೇ ಸೀಟಿನ, ಇಂಗ್ಲೆಂಡಿನಲ್ಲಿ ತಯಾರಾದ, ನನಗಿಂತ ಹತ್ತು ವರ್ಷ ಹಿರಿಯ ಸ್ಪೋರ್ಟ್ಸ್ ಕಾರು. ಬಣ್ಣ ಕೆಂಪು. ಸೊಲ್ಲಾಪುರದ ಒಬ್ಬ ಹಳೆಯ ಗಿರಣಿ ಮಾಲೀಕರ ಗೋದಾಮಿನಲ್ಲಿ ಹತ್ತಿಯ ಗಂಟುಗಳ ಹಿಂದೆ ನಿಂತಿತ್ತು. ನೋಡಿದ ಕೂಡಲೇ ನನ್ನ ತಲೆ ಕೆಟ್ಟಿತು. ಐವತ್ತರ ಹತ್ತಿರ ಬಂದ ಗಂಡಸಿಗೆ ಒಮ್ಮೆಯಾದರೂ ತಲೆ ಕೆಡುತ್ತದೆ ಎಂದು ನನ್ನ ಹೆಂಡತಿ ಎಲ್ಲರಿಗೂ ಸಮಾಧಾನ ಹೇಳಿದಳು, ಮುಖ್ಯವಾಗಿ ತನಗೆ. ಕಾರು ಎಷ್ಟು ಗಿಡ್ಡವೆಂದರೆ ಆಳಂದದ ಬಸ್‌ಸ್ಟ್ಯಾಂಡ್ ಮುಂದೆ ಒಂದು ಎಮ್ಮೆ ನಿಂತು, ತಲೆ ತಗ್ಗಿಸಿ, ಕಿಟಕಿಯಿಂದ ನನ್ನನ್ನು ನೋಡಿತು. ಅದರ ಮುಖದಲ್ಲಿ ಕನಿಕರವಿತ್ತು.

ಕಾರಿಗೆ ಒಂದೇ ಒಂದು ರೋಗ, ಧೂಳು. ಬಾಗಿಲ ಸುತ್ತ ಇರಬೇಕಾದ ರಬ್ಬರು ಎಂದೋ ಒಣಗಿ ಪುಡಿಪುಡಿಯಾಗಿ ಉದುರಿಹೋಗಿತ್ತು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಬೆರಳು ಹೋಗುವಷ್ಟು ಸಂದು. ಆಳಂದದಿಂದ ನಿಂಬರ್ಗಾದ ದಾರಿಯಲ್ಲಿ ನಾಲ್ಕು ಕಿಲೋಮೀಟರು ಓಡಿಸಿ ಬಂದರೆ ನನ್ನ ಹುಬ್ಬು, ಮೀಸೆ ಎಲ್ಲ ಬೂದಿ ಬಣ್ಣಕ್ಕೆ ತಿರುಗಿರುತ್ತಿದ್ದವು. ಒಂದು ದಿನ ಹಾಗೆಯೇ ದವಾಖಾನೆಗೆ ಹೋದೆ. ಕಾಯುತ್ತ ಕೂತಿದ್ದ ಮುದುಕನೊಬ್ಬ, "ಡಾಕ್ಟರ್ ಸಾಹೇಬ್ರು ಇನ್ನಾ ಬಂದಿಲ್ಲೇನ್ರಿ?" ಎಂದು ನನ್ನನ್ನೇ ಕೇಳಿದ.

ನನಗೆ ಧೂಳಿನ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಅಕ್ಕನದು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಜೇವರ್ಗಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾಳೆ. ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ರಿಟೈರ್ ಆದವಳು. ನಮ್ಮ ಹುಟ್ಟೂರು ಭೀಮಾ ನದಿಯ ದಂಡೆಯ ಒಂದು ಸಣ್ಣ ಹಳ್ಳಿ. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಸಾಕುವ ಕೆಲಸ ಅಕ್ಕನದು. ಹೊಳೆಗೆ ಅರಿವೆ ಒಗೆಯಲು ಹೋದಾಗ ನಾನು ನೀರಿಗೆ ಬೀಳಬಾರದೆಂದು ನನ್ನ ಉಡದಾರಕ್ಕೆ ಹಗ್ಗ ಬಿಗಿದು ಬಂಡೆಗೆ ಕಟ್ಟುತ್ತಿದ್ದಳು. ಬೇಸಿಗೆಯಲ್ಲಿ ಗಾಳಿ ಎದ್ದು ಕಪ್ಪು ಹೊಲದ ಮಣ್ಣೆಲ್ಲ ಮುಖಕ್ಕೆ ಬಡಿದರೆ ಅರಿವೆಯ ತುಂಡು ಒದ್ದೆ ಮಾಡಿ ಮೊದಲು ನನ್ನ ಮೂಗಿಗೆ ಕಟ್ಟಿ, ಉಳಿದರೆ ತನಗೆ ಕಟ್ಟಿಕೊಳ್ಳುತ್ತಿದ್ದಳು. ಬಹಳ ಸಲ ಉಳಿಯುತ್ತಿರಲಿಲ್ಲ.

ಈಗ ಅವಳಿಗೆ ದಮ್ಮಿನ ತ್ರಾಸು. ಡಾಕ್ಟರು ಧೂಳಿನಿಂದ ದೂರ ಇರಬೇಕೆಂದು ಹೇಳಿದ್ದಾರೆ. ನಮ್ಮ ಸೀಮೆಯಲ್ಲಿ ಧೂಳಿನಿಂದ ದೂರ ಇರಬೇಕಾದರೆ ಭೂಮಿಯಿಂದ ಸ್ವಲ್ಪ ಮೇಲೆ ತೇಲಬೇಕು. ಹೀಗಾಗಿ ಅವಳು ಮೂರು ವರ್ಷದಿಂದ ಜೇವರ್ಗಿಯ ಕಾಯಿಪಲ್ಲೆ ಬಜಾರು ದಾಟಿ ಆಚೆ ಹೋದವಳಲ್ಲ.

ದೀಪಾವಳಿಗೆ ಹೋದಾಗ ಅವಳು ರೊಟ್ಟಿ ಬಡಿಯುತ್ತ ಒಂದು ಮಾತು ಹೇಳಿದಳು. "ಸೊನ್ನದ ಬ್ಯಾರೇಜಿನಾಗ ಈ ಸಲ ದಂಡಿ ತುಂಬ ನೀರು ನಿಂತಾದಂತ. ಒಮ್ಮೆ ನೋಡಬೇಕನಸ್ತದ ತಮ್ಮಾ. ದಮ್ಮು ಇರೂದ್ರಾಗ ನಮ್ಮ ಹೊಳಿ ಒಮ್ಮೆ ತುಂಬಿದ್ದು ನೋಡ್ತೇನಿ." ಅಕ್ಕ ಜೀವನದಲ್ಲಿ ನನ್ನನ್ನು ಏನೂ ಕೇಳಿದವಳಲ್ಲ. ಆ ಕ್ಷಣ ನನ್ನ ಎದೆ ತುಂಬಿ ಬಂತು, ಎದೆ ತುಂಬಿದಾಗ ನನ್ನ ಬಾಯಿಗೆ ಲಗಾಮು ಇರುವುದಿಲ್ಲ. "ನನ್ನ ಕೆಂಪು ಕಾರಿನಾಗ ಕರ್ಕೊಂಡು ಹೋಗ್ತೇನಿ. ಒಂದು ಕಣ ಧೂಳ ಒಳಗ ಬರಂಗಿಲ್ಲ. ಅಲ್ಲೀತನ ನೀ ಎಲ್ಲೂ ಹೋಗಬ್ಯಾಡ," ಎಂದೆ.

ಇಲ್ಲಿ ಓದುವವರು ಒಂದು ಪ್ರಶ್ನೆ ಕೇಳಬಹುದು. ನಮ್ಮ ಮನೆಯಲ್ಲಿ ಬೇರೆ ಕಾರು ಇಲ್ಲವೇ? ಇದೆ. ಹೆಂಡತಿ ನಿಂಬರ್ಗಾದ ಬ್ಯಾಂಕಿಗೆ ಅದರಲ್ಲಿ ಹೋಗಿ ಬರುತ್ತಾಳೆ. ಅದಕ್ಕೆ ಏಸಿ ಇದೆ, ನಾಲ್ಕು ಬಾಗಿಲಿವೆ, ನಾಲ್ಕಕ್ಕೂ ರಬ್ಬರಿದೆ, ರವಿವಾರ ಅದು ಮನೆಯ ಮುಂದೆ ಸುಮ್ಮನೆ ನಿಂತಿರುತ್ತದೆ. "ಅಕ್ಕಾರನ್ನ ಇದ್ರಾಗ ಕರ್ಕೊಂಡು ಹೋಗಿ ಬರ್ರಿ, ಒಂದು ದಿನದ ಕೆಲಸ ಅದ," ಎಂದು ಹೆಂಡತಿ ಹೇಳಿದಳು. ನನಗೆ ಅವಮಾನವಾದಂತಾಯಿತು. ಅಕ್ಕನ ಮಗನೂ ಎರಡು ಸಲ, "ಮಾಮಾ, ನಾ ಒಂದು ಗಾಡಿ ಮಾತಾಡ್ತೇನಿ," ಎಂದ. ಎರಡು ಸಲವೂ ಬೇಡವೆಂದು ಗದರಿಸಿದೆ. ಅಕ್ಕ ಹೊಳೆ ನೋಡಬೇಕು, ಆದರೆ ನನ್ನ ಕಾರಿನ ಕಿಟಕಿಯಿಂದಲೇ ನೋಡಬೇಕು, ಇದು ನನ್ನ ಪ್ರೀತಿಯ ಷರತ್ತು. ಪ್ರೀತಿಗೆ ಷರತ್ತು ಹಾಕಿದ್ದೇನೆಂಬುದು ಆಗ ಹೊಳೆಯಲಿಲ್ಲ.

ಪುಣೆಯ ವ್ಯಾಪಾರಿಯೊಬ್ಬ ರಬ್ಬರು ಕಳಿಸಿದ. ಕಪ್ಪು ಹಾವಿನಂತೆ ಸುತ್ತಿಕೊಂಡು ಡಬ್ಬಿಯಲ್ಲಿ ಮಲಗಿತ್ತು. ಅದರ ಒಂದು ಬದಿ ಬಾಯಿಯ ಹಾಗೆ ಸೀಳಿದೆ, ಒಳಗೆ ತಗಡಿನ ಸಣ್ಣ ಹಲ್ಲುಗಳು. ಬಾಗಿಲ ಚೌಕಟ್ಟಿನ ಅಂಚನ್ನು ಆ ಬಾಯಿ ಕಚ್ಚಿ ಹಿಡಿಯಬೇಕು. ಇನ್ನೊಂದು ಬದಿ ಟೊಳ್ಳು ಕೊಳವೆ. ಬಾಗಿಲು ಹಾಕಿದಾಗ ಅದು ಅಮುಕಿಕೊಂಡು ಸಂದು ಮುಚ್ಚುತ್ತದೆ. ಬಾಯಿ, ಹಲ್ಲು, ಕಚ್ಚುವುದು. ದೇವರು ಈ ಕೆಲಸವನ್ನು ನನಗಾಗಿಯೇ ಇಟ್ಟಿದ್ದಾನೆ ಎಂದು ಖಾತ್ರಿಯಾಯಿತು. ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಇಂಗ್ಲೆಂಡಿನ ಬಿಳಿ ಗಡ್ಡದ ಒಬ್ಬ ದೊರೆ, ನೆಲದ ಮೇಲೆ ಅನ್ನ ಬಡಿಸಿಕೊಂಡು ಉಣ್ಣಬಹುದಾದಷ್ಟು ಸ್ವಚ್ಛವಾದ ಗ್ಯಾರೇಜಿನಲ್ಲಿ, ಹತ್ತು ನಿಮಿಷದಲ್ಲಿ ಒಂದು ಬಾಗಿಲು ಮುಗಿಸಿದ. ಧೂಳೇ ಇಲ್ಲದ ದೇಶದಲ್ಲಿ ಅವನಿಗೆ ರಬ್ಬರು ಯಾಕೆ ಬೇಕಿತ್ತೋ ತಿಳಿಯದು. ಅವನು ಮಾತಾಡಿದ್ದು ನನಗೆ ಅರ್ಧ ತಿಳಿಯಿತು. ಉಳಿದ ಅರ್ಧದಲ್ಲೇ ವಿಷಯವಿತ್ತು ಎಂದು ಆಮೇಲೆ ಗೊತ್ತಾಯಿತು.

ಮೊದಲು ನನ್ನ ಕಡೆಯ ಬಾಗಿಲಿಗೆ ಕೈ ಹಾಕಿದೆ. ಮೇಲಿನ ಮೂಲೆಯಿಂದ ಶುರು ಮಾಡಿ, ಎಳೆದು ಎಳೆದು ಬಿಗಿಯಾಗಿ ಕೂಡಿಸುತ್ತ ಬಂದೆ. ಒಂದು ಸುತ್ತು ಮುಗಿಯುವ ಹೊತ್ತಿಗೆ ಒಂದು ಗೇಣಿನಷ್ಟು ರಬ್ಬರು ಉಳಿಯಿತು. ಪುಣೆಯವನಿಗೆ ಅಳತೆ ಬರುವುದಿಲ್ಲ ಎಂದು ನಕ್ಕು ಅದನ್ನು ಕತ್ತರಿಸಿ ಬಿಸಾಡಿದೆ. ಬೆಳಗ್ಗೆ ಎದ್ದು ನೋಡಿದರೆ ರಬ್ಬರು ರಾತ್ರಿಯಿಡೀ ತನ್ನ ಮೂಲ ಉದ್ದಕ್ಕೆ ಮರಳಿ ತುದಿಗಳು ಕೂಡುವಲ್ಲಿ ಸರಿಯಾಗಿ ಒಂದು ಗೇಣು ಖಾಲಿ ಬಿಟ್ಟಿತ್ತು. ಮೂಲೆಗಳಲ್ಲಿ ಎದ್ದು ನಿಂತಿತ್ತು. ಕತ್ತರಿಸಿದ ತುಂಡನ್ನು ಹುಡುಕಿದೆ. ಬೀದಿನಾಯಿ ಅದನ್ನು ಕಚ್ಚಿಕೊಂಡು ಹೋಗಿತ್ತು, ಅದೊಂದೇ ಆ ರಬ್ಬರನ್ನು ಸರಿಯಾಗಿ ಕಚ್ಚಿದ್ದು.

ಪುಣೆಯಿಂದ ಎರಡೂ ಬಾಗಿಲಿಗೆ ಹೊಸ ಪಟ್ಟಿ ಬರಲು ಒಂದೂವರೆ ತಿಂಗಳಾಯಿತು. ಆ ನಡುವೆ ಎಳ್ಳು ಅಮಾವಾಸ್ಯೆ, ನಮ್ಮ ಎಳ್ಳಮಾಸಿ, ಬಂತು, ಹೋಯಿತು. ಹೊಲಗಳಲ್ಲಿ ತೊಗರಿ ರಾಶಿಯ ಮಷೀನುಗಳು ಓಡತೊಡಗಿ ತಾಲ್ಲೂಕಿಗೆ ತಾಲ್ಲೂಕೇ ಹೊಟ್ಟಿನಲ್ಲಿ ಮುಳುಗಿತು. ಅಕ್ಕನಿಗೆ ವಾರಕ್ಕೊಮ್ಮೆ ಫೋನು ಮಾಡಿ ರಬ್ಬರಿನ ಪ್ರಗತಿ ಒಪ್ಪಿಸುತ್ತಿದ್ದೆ. ಅವಳು ಪ್ರತಿಸಲ ಪೂರ್ತಿ ಕೇಳಿ, "ಸಾವಕಾಶ ಮಾಡೋ, ಅವಸರ ಏನದ," ಎನ್ನುತ್ತಿದ್ದಳು. ನನಗಂತೂ ಅವಸರ ಇರಲೇ ಇಲ್ಲ.

ಪಟ್ಟಿಗಳು ಬಂದಾಗ ಅವನ್ನು ತೆಗೆದುಕೊಂಡು ಅಫಜಲಪುರಕ್ಕೆ ಹೋದೆ. ಅಲ್ಲಿ ಟೆಂಪೋ, ಜೀಪುಗಳಿಗೆ ಸೀಟು ಹೊಲಿಯುವ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಕುಶನ್ ಮಾಸ್ತರ ಎನ್ನುತ್ತಾರೆ. ಅವರು ನನ್ನ ಕೈಕೆಲಸದ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು ಹೇಳಿದರು. "ಡಾಕ್ಟರ್ ಸಾಹೇಬ್ರ, ಹಲ್ಲ ಕಿತ್ತಂಗ ಎಳದೀರಿ. ಇದು ಎಳಿಯೂ ಮಾಲ್ ಅಲ್ಲರಿ, ಒಳಗ ದೂಡೂ ಮಾಲು. ಕೆಳಗ ನಡುವಿನಿಂದ ಶುರು ಮಾಡ್ರಿ. ಮೂಲ್ಯಾಗ ಜರಾ ಹೆಚ್ಚಿಗಿ ಕೊಡ್ರಿ. ಒಂದು ದಿನ ಬಾಗಲಾ ಹಾಕಿ ಬಿಡ್ರಿ, ಆಮ್ಯಾಲ ಕತ್ರಿ ಹಿಡೀರಿ. ಜಾರಲಿಲ್ಲಂದ್ರ ಸಾಬೂನ ನೀರು ಹಚ್ಚ್ರಿ. ಸಾಬೂನ ನೀರಷ್ಟ, ಮತ್ತೇನೂ ಬ್ಯಾಡ." ನನ್ನ ಕಡೆಯ ಬಾಗಿಲನ್ನು ಅವರೇ ಮಾಡಿ ತೋರಿಸಿದರು. ಅಕ್ಕ ಕೂಡುವ ಕಡೆಯ ಬಾಗಿಲನ್ನೂ ಮಾಡುತ್ತೇನೆಂದರು. ಅಷ್ಟರಲ್ಲಿ ನನಗೆ ವಿದ್ಯೆ ಬಂದಿತ್ತು. "ಇಲ್ಲರಿ, ಅದು ನಮ್ಮ ಅಕ್ಕನ ಬಾಜು, ನನ್ನ ಕೈಲೇನ ಆಗಬೇಕು," ಎಂದು ಭಾವುಕನಾಗಿ ಉಳಿದ ಪಟ್ಟಿ ಸುತ್ತಿಕೊಂಡು ಬಂದೆ.

ಒಂದು ರವಿವಾರ ಆಳಂದದ ಮನೆಯ ಅಂಗಳದಲ್ಲಿ ಅಕ್ಕನ ಬಾಗಿಲಿನ ಮುಂದೆ ಕೂತೆ. ಕೆಳಗೆ ನಡುವಿನಿಂದ ಶುರು ಮಾಡಿದೆ. ಎಳೆಯದೆ ದೂಡಿದೆ. ಎಲ್ಲ ಬರೋಬರಿ ನಡೆದಿತ್ತು. ಆದರೆ ನನ್ನ ಕಡೆಯ ಬಾಗಿಲಿನ ಮೇಲಿನ ಮೂಲೆಯಿಂದ ಒಂದು ಚಿಟಿಕೆ ಧೂಳು ಬರುತ್ತಿದ್ದದ್ದನ್ನು ನಾನು ಗಮನಿಸಿದ್ದೆ. ಸಾಬೂನಿನ ನೀರು ಒಣಗಿದ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲವಲ್ಲ, ಅಲ್ಲೇ ಸಂದು ಬಿಟ್ಟಿದೆ ಎಂದು ತರ್ಕ ಮಾಡಿದೆ. ಅಕ್ಕನ ಕಡೆ ಒಂದು ಕಣವೂ ಬರಬಾರದು. ಅಡುಗೆಮನೆಗೆ ಹೋಗಿ ಕುಸುಬಿ ಎಣ್ಣೆಯ ಡಬ್ಬಿ ತಂದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಸುಬಿ ಎಣ್ಣೆ ನಮಗೆ ಬರೀ ಅಡುಗೆಗಲ್ಲ. ಬಾಗಿಲು ಕಿರ್ರೆಂದರೆ ಕುಸುಬಿ ಎಣ್ಣೆ, ಕೀಲಿ ತಿರುಗದಿದ್ದರೆ ಕುಸುಬಿ ಎಣ್ಣೆ, ಚಪ್ಪಲಿ ಕಚ್ಚಿದರೆ, ಹಿಮ್ಮಡಿ ಒಡೆದರೆ, ಕೂಸಿಗೆ ನೆಗಡಿಯಾದರೆ ಅದೇ. ಅದೂ ಈ ಎಣ್ಣೆ ಜೇವರ್ಗಿಯ ಗಾಣದಲ್ಲಿ ಅಕ್ಕ ಮುಂದೆ ನಿಂತು ತೆಗೆಸಿ ನನಗೆ ಕಳಿಸಿದ್ದು. ಅವಳ ಬಾಗಿಲಿಗೆ ಅವಳದೇ ಎಣ್ಣೆ. ಈ ವಿಚಾರ ನನಗೆ ಎಷ್ಟು ಹಿಡಿಸಿತೆಂದರೆ ಕಣ್ಣಲ್ಲಿ ಸ್ವಲ್ಪ ನೀರೂ ಬಂತು. ಆಗ ಡಬ್ಬಿಯ ಮುಚ್ಚಳ ತೆಗೆಯಲು ಹೋದೆ, ಬರಲಿಲ್ಲ. ಬಿಗಿಯಾಗಿ ಹಿಡಿದಿತ್ತು. ಹೆಂಡತಿಯನ್ನು ಕರೆದೆ. ಅವಳು ಚಮಚದ ಹಿಡಿಯಿಂದ ಮುಚ್ಚಳದ ಸುತ್ತ ಮೀಟಿ ತೆಗೆದುಕೊಟ್ಟು ಒಳಗೆ ಹೋದಳು. ಪ್ರತಿವಾರ ಅವಳು ಅದನ್ನು ಹೀಗೆಯೇ ತೆಗೆಯುತ್ತಾಳೆ. ಈ ಎಣ್ಣೆ ತೆಳ್ಳಗೆ ಹರಡಿ ಗಾಳಿಗೆ ಬಿದ್ದರೆ ನಾಲ್ಕು ದಿನದಲ್ಲಿ, ಬಿಸಿಲಿದ್ದರೆ ಒಂದೇ ದಿನದಲ್ಲಿ, ಅಂಟಾಗುತ್ತದೆ ಎಂಬುದು ನಮ್ಮ ಸೀಮೆಯ ಪ್ರತಿ ಅಡುಗೆಮನೆಗೂ ಗೊತ್ತು. ಆ ಮುಚ್ಚಳ ನನ್ನ ಕೈಯಲ್ಲೇ ಇತ್ತು. ಅದನ್ನು ಪಕ್ಕಕ್ಕಿಟ್ಟು ಬೆರಳು ಅದ್ದಿ ಎಣ್ಣೆ ಬಳಿಯತೊಡಗಿದೆ.

ಪಟ್ಟಿ ಬೆಣ್ಣೆಯಂತೆ ಜಾರಿ ಕೂತಿತು. ಇನ್ನು ಪರೀಕ್ಷೆ. ಹಲ್ಲು ಎಲ್ಲಿ ತಾಗುತ್ತದೆ, ಎಲ್ಲಿ ಇಲ್ಲ ಎಂದು ನೋಡಲು ರೋಗಿಯ ಬಾಯಲ್ಲಿ ನಾವು ತೆಳು ನೀಲಿ ಕಾಗದ ಇಟ್ಟು ಕಚ್ಚಿಸುತ್ತೇವೆ. ದವಾಖಾನೆಯಿಂದ ಒಂದು ಕಟ್ಟು ಅದನ್ನೇ ತಂದಿದ್ದೆ. ಚೌಕಟ್ಟಿನಲ್ಲಿ ಒಂದೊಂದೇ ಕಾಗದ ಇಟ್ಟು ಬಾಗಿಲು ಹಾಕುವುದು, ತೆಗೆಯುವುದು, ನೀಲಿ ಗುರುತು ನೋಡುವುದು. ರೂಢಿಯ ಬಲದಿಂದ ಬಾಯಿ ತಾನೇ ಆಡುತ್ತಿತ್ತು. "ಕಚ್ಚ್ರಿ. ಹಾಂ, ಬಿಡ್ರಿ. ಇನ್ನೊಮ್ಮೆ ಕಚ್ಚ್ರಿ." ತಲೆ ಎತ್ತಿದರೆ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಾಗೇ ಒಳಗೆ ಹೋದಳು. ಆ ಸಂಜೆ ಅವಳು ತನ್ನ ತಂಗಿಯ ಜೊತೆ ಫೋನಿನಲ್ಲಿ ಬಹಳ ಹೊತ್ತು ಮೆಲ್ಲಗೆ ಮಾತಾಡಿದಳು.

ಯುಗಾದಿಯ ನಂತರ ಒಂದು ಶನಿವಾರ ಕಾರು ಓಡಿಸಿಕೊಂಡು ಜೇವರ್ಗಿಗೆ ಹೋದೆ. ಅಕ್ಕನಿಗೆ ತೋರಿಸಲು ಅವಳ ಬಾಗಿಲಿನ ಹಿಡಿಕೆ ಎಳೆದೆ. ಕೂಡಲೇ ಬರಲಿಲ್ಲ. ಎರಡನೆಯ ಸಲ ಕಾಲು ಕೊಟ್ಟು ಎಳೆದಾಗ ಚರ್ರೆಂದು ಸದ್ದು ಮಾಡಿ ತೆರೆಯಿತು. "ನೋಡಿದೇನು, ಎಷ್ಟು ಬಿಗಿ," ಎಂದೆ. ಅಕ್ಕ ಹೌದೆಂದು ತಲೆಯಾಡಿಸಿದಳು. ಆ ಸದ್ದು ನನಗೇನೂ ಹೇಳಲಿಲ್ಲ. ಅದು ಎಣ್ಣೆ ಕಡಿಮೆಯಾದ ಸದ್ದೆಂದು ತಿಳಿದು, ಅಕ್ಕನ ಅಡುಗೆಮನೆಯಿಂದಲೇ ಮತ್ತಷ್ಟು ತಂದು ಸುತ್ತ ಧಾರಾಳವಾಗಿ ಬಳಿದೆ. ಒಳಗೆ ಇಳಿಯಲಿ ಎಂದು ಬಾಗಿಲು ತೆರೆದಿಟ್ಟು ಸಂಜೆಯವರೆಗೂ ಬಿಸಿಲಿಗೆ ಬಿಟ್ಟೆ.

ರವಿವಾರ ನಸುಕಿನಲ್ಲೇ ಹೊರಟೆವು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಬುತ್ತಿಯ ಡಬ್ಬಿ ಇಟ್ಟುಕೊಂಡು, ಮೊಣಕಾಲು ಎದೆಗೆ ಬರುವಂತೆ ಆ ಗಿಡ್ಡ ಸೀಟಿನಲ್ಲಿ ಕೂತಳು. ನಾನು ಹೊರಗಿನಿಂದ ಬಾಗಿಲನ್ನು ಧಡಾರೆಂದು ಹಾಕಿದೆ. ದಾರಿಯಲ್ಲಿ ಎರಡು ಕಡೆ ರಸ್ತೆ ಕೆಲಸ ನಡೆದಿತ್ತು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಮೈಲುಗಟ್ಟಲೆ ಹೋಗಬೇಕಾಯಿತು. ಹೊರಗೆ ಧೂಳಿನಲ್ಲಿ ಮುಂದಿನ ಗಾಡಿ ಕಾಣುತ್ತಿರಲಿಲ್ಲ. ಒಳಗೆ ಅಕ್ಕನ ಕಡೆ ಒಂದು ಕಣವೂ ಬರಲಿಲ್ಲ. ಎರಡು ತಾಸಿನಲ್ಲಿ ಅವಳು ಒಂದು ಸಲವೂ ಕೆಮ್ಮಲಿಲ್ಲ. ನನ್ನ ಕಡೆಯ ಮೂಲೆಯಿಂದ ಬಂದ ಧೂಳು ನನ್ನ ಮೂಗಿನಲ್ಲಿ ತುಂಬಿತ್ತು, ಅಷ್ಟಾದರೂ ನಾನು ರಾಜನಂತೆ ಓಡಿಸಿದೆ.

ಸೊನ್ನದ ಬ್ಯಾರೇಜಿನ ಹತ್ತಿರ ಒಂದು ಮೋಟುಗೋಡೆಯ ಪಕ್ಕ ಕಾರು ನಿಲ್ಲಿಸಿದೆ. ಗೋಡೆಯ ಆಚೆ ಹೊಳೆ. ಗಿಡ್ಡ ಕಾರಿನಲ್ಲಿ ಕೂತ ಅಕ್ಕನಿಗೆ ಗೋಡೆಯ ಕಲ್ಲುಗಳು ಮಾತ್ರ ಕಾಣುತ್ತಿದ್ದವು. ನಾನು ಇಳಿದು, ಸುತ್ತಿ ಬಂದು, ಮದುವೆಯ ಕಾರಿನಿಂದ ಮದುಮಗಳನ್ನು ಇಳಿಸುವವನ ಠೀವಿಯಲ್ಲಿ ಅವಳ ಬಾಗಿಲ ಹಿಡಿಕೆ ಎಳೆದೆ. ಬರಲಿಲ್ಲ. ಕಾಲು ಕೊಟ್ಟೆ. ಎರಡೂ ಕೈ ಹಾಕಿದೆ. ಹಿಡಿಕೆ ಬಂತು, ಬಾಗಿಲು ಬರಲಿಲ್ಲ. ಅರವತ್ತು ವರ್ಷ ಹಳೆಯ, ಇಂಗ್ಲೆಂಡಿನಲ್ಲೂ ಸಿಗದ ಹಿಡಿಕೆ ನನ್ನ ಕೈಯಲ್ಲಿತ್ತು. ನಾನು ಅದನ್ನು ಕಿತ್ತ ಹಲ್ಲಿನಂತೆ ಬೆಳಕಿಗೆ ಹಿಡಿದು ನೋಡಿದೆ, ಬೇರು ಪೂರ್ತಿ ಬಂದಿದೆಯೇ ಎಂದು.

"ಏನಾತೋ?" ಎಂದಳು ಅಕ್ಕ ಒಳಗಿನಿಂದ.

"ಏನಿಲ್ಲ. ಜರಾ ಬಿಗಿ ಅದ. ನೀ ಈ ಬಾಜೂಲಿಂದ ಇಳಿ," ಎಂದೆ.

"ನಡು ಈ ಗೇರಿನ ದಿಬ್ಬ ಅದಲ್ಲೋ. ಮೊಣಕಾಲು ಅಷ್ಟು ಮ್ಯಾಲ ಎತ್ತಿದ್ರ ಮತ್ತ ಇಳಿಯಂಗಿಲ್ಲ."

ಅವಳ ಕಡೆಯ ಕಿಟಕಿ ಇಳಿಸೋಣವೆಂದರೆ ಅದರ ತಿರುಗಣಿ ನಾನು ಕಾರು ಕೊಂಡ ದಿನದಿಂದಲೇ ಇರಲಿಲ್ಲ. ನನ್ನ ಬಾಗಿಲು ತೆರೆದಿಟ್ಟೆ, ಗಾಳಿಯಾದರೂ ಬರಲಿ ಎಂದು. ಬಿಸಿಲು ಏರುತ್ತಿತ್ತು. ಗೋಡೆಯ ಹತ್ತಿರ ಚಹಾ ಮಾರುವ ಹೆಂಗಸು ಒಲೆ ಬಿಟ್ಟು ಎದ್ದು ನಿಂತು ನೋಡುತ್ತಿದ್ದಳು. ಅಕ್ಕನ ಉಸಿರು ಸ್ವಲ್ಪ ಜೋರಾದಂತೆ ಕೇಳಿಸಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳನ್ನು ಧೂಳಿನಿಂದ ಕಾಯುತ್ತೇನೆಂದು ಡಬ್ಬಿಯಲ್ಲಿ ಹಾಕಿ ಮುಚ್ಚಿದ್ದೆ. ಕುಶನ್ ಮಾಸ್ತರರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

ಅವರು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಸಾಬೂನ ನೀರು ಬಿಟ್ಟು ಮತ್ತೇನರ ಹಚ್ಚೀರೇನು?"

ಫೋನನ್ನು ಬಾಯಿಯ ಹತ್ತಿರ ತಂದು ಮೆಲ್ಲಗೆ ಹೇಳಿದೆ, "ಕುಸುಬಿ ಎಣ್ಣಿ."

ಆ ಕಡೆ ಅವರು ಎದ್ದು ಹೋಗಿ ಎಲೆ ಅಡಿಕೆ ಉಗುಳಿ ಬಂದರು. "ಸಾಹೇಬ್ರ," ಎಂದರು ಕೊನೆಗೆ, "ನಿಮ್ಮ ಮನ್ಯಾಗ ಎಣ್ಣಿ ಡಬ್ಬಿ ಮುಚ್ಚಳ ಯಾರು ತಗೀತಾರ್ರಿ?"

ನಾನು ಉತ್ತರ ಕೊಡುವ ಮೊದಲೇ ಕಾರಿನೊಳಗೆ ಬುತ್ತಿಯ ಡಬ್ಬಿ ತೆರೆದ ಸದ್ದು ಕೇಳಿತು. ಅಕ್ಕ ಸ್ಟೀಲಿನ ಚಮಚ ತೆಗೆದಳು. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಮೇಲೆ ಹಾಕಿಕೊಳ್ಳಲು ಸಣ್ಣ ಶೀಶೆಯಲ್ಲಿ ಹಸಿ ಎಣ್ಣೆ ತಂದಿದ್ದಳು. ಚಮಚದ ಹಿಡಿಯನ್ನು ಅದರಲ್ಲಿ ಅದ್ದಿ, ಬಾಗಿಲಿನ ಸಂದಿಗೆ ತೂರಿಸಿ, ಕೆಳಗಿನಿಂದ ಮೆಲ್ಲಗೆ ಮೀಟುತ್ತ ಹೊರಟಳು. ಅವಸರವಿಲ್ಲ, ಜೋರಿಲ್ಲ. ಒಂದು ಗೇಣು ಮೀಟುವುದು, ಮತ್ತೆ ಅದ್ದುವುದು. ನಾನು ಹೊರಗೆ ನಿಂತು ಗಾಜಿನ ಆಚೆ ಅವಳ ಕೈ ನೋಡುತ್ತಿದ್ದೆ. ಒಂದು ಸುತ್ತು ಮುಗಿದ ಮೇಲೆ ಒಳಗಿನ ಹಿಡಿಕೆ ತಿರುಗಿಸಿ ಮೊಣಕೈಯಿಂದ ಒಂದು ಸಲ ಗುದ್ದಿದಳು. ಬಾಗಿಲು ತೆರೆಯಿತು. ಚಹಾದವಳು ನಿಟ್ಟುಸಿರು ಬಿಟ್ಟದ್ದು ನನಗೂ ಕೇಳಿಸಿತು. ಅಕ್ಕ ಚಮಚ ಒರೆಸಿ ಡಬ್ಬಿಯೊಳಗಿಟ್ಟು, "ಕೈ ಕೊಡು," ಎಂದಳು.

ಅವಳನ್ನು ಎಬ್ಬಿಸಿ ಗೋಡೆಯ ಹತ್ತಿರ ಕರೆದೊಯ್ದೆ. ಆಚೆ ನೋಡಿದೆ. ನೀರು ಇರಲಿಲ್ಲ. ಪೂರ್ತಿ ಇಲ್ಲವೆಂದಲ್ಲ, ಬಂಡೆಗಳ ನಡುವೆ ಅಲ್ಲಲ್ಲಿ ಹಸಿರು ಮಡುಗಳು, ಒಂದರಲ್ಲಿ ನಾಲ್ಕು ಎಮ್ಮೆ. ದೀಪಾವಳಿಯಲ್ಲಿ ದಂಡೆ ತುಂಬಿದ್ದ ನೀರು ಬೇಸಿಗೆಯವರೆಗೆ ನನ್ನ ರಬ್ಬರಿಗಾಗಿ ಕಾಯಬೇಕಿತ್ತೇ? ಇಷ್ಟು ಸರಳ ಲೆಕ್ಕ ನನ್ನ ತಲೆಗೆ ಆರು ತಿಂಗಳಲ್ಲಿ ಒಂದು ಸಲವೂ ಬಂದಿರಲಿಲ್ಲ. ಕಾರು ತಯಾರಾಗುವುದೊಂದೇ ಕಣ್ಣ ಮುಂದಿತ್ತು, ಹೊಳೆ ಹಿಂದೆ ಸರಿದುಹೋಗಿತ್ತು. ಮುರಿದ ಹಿಡಿಕೆ ಇನ್ನೂ ನನ್ನ ಕೈಯಲ್ಲೇ ಇತ್ತು. ನನಗೆ ಅಳು ಬಂತು.

ಅಷ್ಟರಲ್ಲಿ ಚಹಾದವಳು ಹತ್ತಿರ ಬಂದು ಅಕ್ಕನ ಮುಖ ನೋಡಿ ನಕ್ಕಳು. "ಅಕ್ಕಾರ, ಮತ್ತ ಬಂದ್ರೇನ್ರಿ? ಈಗ ಏನದರಿ ನೋಡಾಕ. ನೀವು ಎಳ್ಳಮಾಸಿ ಮುಂದ ಬಂದಾಗ ಎಷ್ಟು ನೀರಿತ್ತು ನೋಡ್ರಿ."

ಅಕ್ಕ ಅವಳಿಗೆ ಎರಡು ಚಹಾ ಹೇಳಿ ಕಳಿಸಿದಳು. ಆಮೇಲೆ ಗೋಡೆಯ ಮೇಲೆ ಕೂತು ನನ್ನ ಕಡೆ ನೋಡದೆ ಹೇಳಿದಳು. "ಮಗ್ಗಲ ಮನಿ ಹೆಣ್ಮಕ್ಕಳು ಹೊಂಟಿದ್ರು. ಬಸ್ಸಿನಾಗ ಬಂದೆ. ಮೂಗಿಗೆ ಒದ್ದಿ ಅರಿವಿ ಕಟ್ಕೊಂಡಿದ್ದೆ. ಅಫಜಲಪುರದಾಗ ಜರಾ ಕೆಮ್ಮು ಬಂತು, ನಿಂತೆ, ನೀರು ಕುಡಿದೆ, ಹೋತು. ಹೊಳಿ ಖರೇನ ತುಂಬಿತ್ತು ತಮ್ಮಾ. ಕಣ್ಣ ಹಾಯೂತನ ನೀರು."

"ನನಗ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳ್ಲಿ? ವಾರಾ ವಾರಾ ಫೋನ್ ಮಾಡ್ತಿದ್ದಿ. ಇವತ್ತ ಇಷ್ಟು ರಬ್ಬರ ಕೂಡಿಸ್ದೆ, ನಾಳೆ ಇಷ್ಟು ಕೂಡಿಸ್ತೇನಿ ಅಂತಿದ್ದಿ. ಸಾಲ್ಯಾಗ ಪಾಟಿ ಮ್ಯಾಲ ಬರದಿದ್ದು ತೋರ್ಸಾಕ ಓಡಿ ಬರ್ತಿದ್ದ್ಯಲ್ಲ, ಹಂಗ ಇತ್ತು ನಿನ್ನ ದನಿ."

ಆರು ತಿಂಗಳು ಅಕ್ಕನಿಗಾಗಿ ದುಡಿಯುತ್ತಿದ್ದೇನೆಂದುಕೊಂಡಿದ್ದೆ. ಅಕ್ಕ ಹೊಳೆ ನೋಡಿ ಬಂದು, ನನ್ನ ದನಿ ಕೆಡಬಾರದೆಂದು, ನೋಡದವಳಂತೆ ಕಾದು ಕೂತಿದ್ದಳು. ಎರಡು ತಾಸು ಮೊಣಕಾಲು ಮಡಚಿಕೊಂಡು ಬಂದದ್ದೂ ಹೊಳೆಗಾಗಿ ಅಲ್ಲ. ನಾವಿಬ್ಬರೂ ರೊಟ್ಟಿ, ಪುಂಡಿಪಲ್ಯೆ, ಹಿಂಡಿ ಉಂಡೆವು. ಹಿಂಡಿಯ ಮೇಲೆ ಹಾಕಿಕೊಳ್ಳಲು ಎಣ್ಣೆ ಉಳಿದಿರಲಿಲ್ಲ. ಅಕ್ಕ ಅದನ್ನೂ ದೂರಲಿಲ್ಲ. "ಆದ್ರ ಒಂದು ಮಾತು," ಎಂದಳು, "ಬರೂತನಾ ಒಂದು ಸಲಾನೂ ಕೆಮ್ಮಿಲ್ಲ ನೋಡು. ಬಸ್ಸಿನಾಗ ಹಿಂಗ ಇರಲಿಲ್ಲ." ನನ್ನ ಮನಸ್ಸು ನೋಯಬಾರದೆಂದು ಹೇಳಿದ್ದು ಎಂದು ಗೊತ್ತಿದ್ದೂ ಖುಷಿಪಟ್ಟೆ. ನಾಚಿಕೆ ಮಾತ್ರ ನನಗೆ ಯಾವಾಗಲೂ ತಡವಾಗಿ ಬರುತ್ತದೆ.

ವಾಪಸು ಬರುವಾಗ ಬಾಗಿಲು ಮತ್ತೆ ಅಂಟಬಾರದೆಂದು ಅವಳು ಬುತ್ತಿ ಕಟ್ಟಿದ ಅರಿವೆಯನ್ನು ಉದ್ದಕ್ಕೆ ಮಡಚಿ ಸಂದಿಯಲ್ಲಿಟ್ಟು ಬಾಗಿಲು ಹಾಕಿಕೊಂಡಳು. ಅರಿವೆ ಇದ್ದಲ್ಲೆಲ್ಲ ಧೂಳು ಬಂತು. ಮುಂದಿನ ವಾರ ಕುಶನ್ ಮಾಸ್ತರರು ಸೀಮೆಎಣ್ಣೆ ಹಚ್ಚಿ ಒರೆಸಿ, ಉಬ್ಬಿಹೋಗಿದ್ದ ಆ ಪಟ್ಟಿಯನ್ನು ಕಿತ್ತು ತೆಗೆದರು. ಹಿಡಿಕೆಯ ಬದಲು ಈಗ ಅಲ್ಲೊಂದು ಟ್ರ್ಯಾಕ್ಟರಿನ ಕೊಂಡಿ ಇದೆ. ಕಾರು ಅಂಗಳದಲ್ಲಿದೆ. ಮತ್ತೊಂದು ರಬ್ಬರು ಪುಣೆಯಿಂದ ಬಂದು ಡಬ್ಬಿಯಲ್ಲೇ ಮಲಗಿದೆ. ಅದನ್ನು ಎಂದಾದರೂ ಕೂಡಿಸುತ್ತೇನೆ.

ಮಳೆಗಾಲ ಮುಗಿದು ಹೊಳೆ ತುಂಬಿದ ಸುದ್ದಿ ಬಂದ ಮರುದಿನ ನಾನು ದವಾಖಾನೆ ಬಂದ್ ಮಾಡಿದೆ. ಹೆಂಡತಿ ತನ್ನ ಕಾರಿನ ಕೀಲಿಯನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟಿದ್ದಳು. ಅಕ್ಕನಿಗೆ ಫೋನು ಮಾಡಿ, ಏಸಿ ಕಾರು ತರುತ್ತೇನೆ, ಈ ಸಲ ಯಾವ ರಬ್ಬರಿನ ಕಥೆಯೂ ಇಲ್ಲ ಎಂದೆ. ಅವಳು ಸ್ವಲ್ಪ ಯೋಚಿಸಿ, "ಮಗ್ಗಲ ಮನ್ಯಾಗಿನವ್ರೂ ಹೊಂಟಾರ, ಎಲ್ಲಾರೂ ನಿನ್ನ ಕಾರಿನಾಗ ಹಿಡ್ಯಾಂಗಿಲ್ಲ. ಬಸ್ಸಿಗೆ ಹೋಗೂಣು, ನೀನೂ ಬಾ," ಎಂದಳು.

ಬಸ್ಸಿನಲ್ಲಿ ಅವಳು ನನ್ನನ್ನು ಕಿಟಕಿಯ ಪಕ್ಕ ಕೂಡಿಸಿದಳು. ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ನಾನು ಎದ್ದು ಅದನ್ನು ಎಳೆಯಲು ಹೋದೆ. "ಮುಟ್ಟಬ್ಯಾಡ, ಸುಮ್ನ ಕೂಡು," ಎಂದಳು. ಜೇವರ್ಗಿ ದಾಟಿ ಡಾಂಬರು ಮುಗಿದು ಧೂಳು ಏಳುವ ಹೊತ್ತಿಗೆ ಚೀಲದಿಂದ ಎರಡು ಅರಿವೆ ತೆಗೆದು, ಬಾಟಲಿಯ ನೀರು ಹಾಕಿ ಹಿಂಡಿದಳು. ದಮ್ಮಿನ ತ್ರಾಸು ಇರುವುದು ಅವಳಿಗೆ. ಮೊದಲನೆಯ ಅರಿವೆಯನ್ನು ನನ್ನ ಮೂಗಿಗೆ ಕಟ್ಟಿದಳು.